ದೂರದ ವಸ್ತುಗಳ ಸಂಯೋಗ: ಒಗಟು, ದತ್ತಪದಿ ಮತ್ತು ಸೃಜನಶೀಲ ಚಿಂತನೆಯ ಅಭ್ಯಾಸ

ಸೃಜನಶೀಲತೆಯನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆ ಸಾಹಿತ್ಯದ ಅಧ್ಯಾಪಕರಿಗೆ ಹೊಸದಲ್ಲ. ಪದ್ಯದ ಭಾವಾರ್ಥವನ್ನೂ ಕವಿಯ ಕಾಲ ದೇಶಗಳನ್ನೂ ಛಂದಸ್ಸಿನ ಲಕ್ಷಣವನ್ನೂ ಕಲಿಸಬಹುದು. ಆದರೆ ವಿದ್ಯಾರ್ಥಿಯು ತಾನಾಗಿ ಹೊಸದೊಂದು ಮಾತನ್ನು ಆಡುವಂತೆ, ಹೊಸದೊಂದು ಪ್ರಶ್ನೆಯನ್ನು ಕೇಳುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಬಳಕೆಯಲ್ಲಿವೆ. ಪ್ರತಿಭೆಯು ಹುಟ್ಟಿನಿಂದ ಬರತಕ್ಕದ್ದು, ಅದನ್ನು ಕಲಿಸಲಾಗದು ಎಂಬುದು ಒಂದು. ಸೃಜನಶೀಲತೆಯೂ ಒಂದು ಕೌಶಲ, ಅದಕ್ಕೆ ನಿರ್ದಿಷ್ಟ ತಂತ್ರಗಳಿವೆ ಎಂಬುದು ಇನ್ನೊಂದು. ಮೊದಲನೆಯ ಉತ್ತರವು ಅಧ್ಯಾಪಕರನ್ನು ಹೊಣೆಯಿಂದ ಬಿಡಿಸುತ್ತದೆ. ಎರಡನೆಯದು ತರಬೇತಿ ಶಿಬಿರಗಳ ಸರಕಾಗಿ ಹೋಗುತ್ತದೆ.

ಎರಡನೆಯ ಉತ್ತರವನ್ನು ನೀಡುವವರು ಬಹುವಾಗಿ ಸೂಚಿಸುವ ತಂತ್ರವೊಂದಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿಷಯಗಳನ್ನು ಬೇಕೆಂದೇ ಪಕ್ಕಪಕ್ಕದಲ್ಲಿ ಇರಿಸಿ, ಅವುಗಳ ನಡುವೆ ಸಂಬಂಧವನ್ನು ಹುಡುಕುವಂತೆ ಮನಸ್ಸನ್ನು ಒತ್ತಾಯಿಸುವುದೇ ಆ ತಂತ್ರ. ಇದನ್ನು ಪಾಶ್ಚಾತ್ಯ ಮನಶ್ಶಾಸ್ತ್ರದ ಕೊಡುಗೆಯೆಂದು ಪರಿಚಯಿಸುವುದು ವಾಡಿಕೆ. ಆದರೆ ನಮ್ಮ ಒಗಟು, ಸಮಸ್ಯಾಪೂರಣ, ದತ್ತಪದಿ, ಬೆಡಗಿನ ವಚನ ಇವೆಲ್ಲವೂ ಇದೇ ವ್ಯಾಪಾರವನ್ನು ಬೇರೆ ಬೇರೆ ನೆಲೆಗಳಲ್ಲಿ ನಡೆಸಿಕೊಂಡು ಬಂದಿವೆ. ಆಧುನಿಕ ವಿಚಾರಗಳನ್ನು ಸಂಕ್ಷೇಪವಾಗಿ ಗಮನಿಸಿ, ನಮ್ಮ ಪರಂಪರೆಯ ಅಭ್ಯಾಸಗಳೊಂದಿಗೆ ಅವನ್ನು ಹೋಲಿಸಿ, ಕನ್ನಡ ತರಗತಿಯಲ್ಲಿಯೂ ಸಂಶೋಧನೆಯಲ್ಲಿಯೂ ಅವು ಎಷ್ಟರಮಟ್ಟಿಗೆ ಉಪಯುಕ್ತವಾಗಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಧುನಿಕ ವಿಚಾರಗಳು

ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ 1908ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗಣಿತದ ಆವಿಷ್ಕಾರವನ್ನು ಕುರಿತು ಬರೆಯುತ್ತ, ಆವಿಷ್ಕಾರವೆಂದರೆ ಈಗಾಗಲೇ ತಿಳಿದಿರುವ ಅಂಶಗಳ ಹೊಸ ಸಂಯೋಗ ಎಂಬ ನಿಲುವನ್ನು ತಳೆದನು. ಇದಕ್ಕೆ ಅವನು ಎರಡು ಮಾತುಗಳನ್ನು ಸೇರಿಸಿದ್ದಾನೆ. ತೀರ ದೂರದ ಕ್ಷೇತ್ರಗಳಿಂದ ತಂದ ಅಂಶಗಳ ಸಂಯೋಗವೇ ಹಲವು ವೇಳೆ ಹೆಚ್ಚು ಫಲವತ್ತಾದುದು ಎಂಬುದು ಒಂದು. ಸಂಯೋಗಗಳು ಅಸಂಖ್ಯವಾಗಿರುವುದರಿಂದ ಅವುಗಳಲ್ಲಿ ಸಾರವುಳ್ಳದ್ದನ್ನು ಆರಿಸುವುದೇ ನಿಜವಾದ ಕೆಲಸ ಎಂಬುದು ಇನ್ನೊಂದು. ತಂತ್ರಗಳನ್ನು ಪ್ರಚಾರ ಮಾಡುವವರು ಮೊದಲನೆಯ ಮಾತನ್ನು ನೆನೆಯುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಸಾರ್ನಾಫ್ ಮೆಡ್ನಿಕ್ 1962ರ ತನ್ನ ಲೇಖನದಲ್ಲಿ, ದೂರದ ಅಂಶಗಳನ್ನು ಹೊಸದಾಗಿಯೂ ಉಪಯುಕ್ತವಾಗಿಯೂ ಬೆಸೆಯುವ ಶಕ್ತಿಯೇ ಸೃಜನಶೀಲತೆ ಎಂದು ನಿರೂಪಿಸಿ, ಅದನ್ನು ಅಳೆಯಲು ಒಂದು ಪರೀಕ್ಷೆಯನ್ನು ರೂಪಿಸಿದನು. ಮೂರು ಪದಗಳನ್ನು ಕೊಟ್ಟು, ಆ ಮೂರರೊಡನೆಯೂ ಹೊಂದುವ ನಾಲ್ಕನೆಯ ಪದವನ್ನು ಕೇಳುವುದು ಆ ಪರೀಕ್ಷೆಯ ಕ್ರಮ. ಇದನ್ನು ಕನ್ನಡಕ್ಕೆ ಅಳವಡಿಸಿ ನೋಡಬಹುದು. ಸೆರೆ, ತವರು, ಅಡುಗೆ: ಈ ಮೂರನ್ನೂ ಕೂಡಿಸುವ ಪದ ಯಾವುದು? ‘ಮನೆ’ ಎಂಬುದು ಉತ್ತರ. ಸೆರೆಮನೆ, ತವರುಮನೆ, ಅಡುಗೆಮನೆ. ಪರೀಕ್ಷೆ ಇಲ್ಲಿಗೆ ಮುಗಿಯುತ್ತದೆ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಕೆಲಸ ಆರಂಭವಾಗುವುದು ಇಲ್ಲಿಂದಲೇ. ಸೆರೆ, ತವರು, ಅಡುಗೆ ಈ ಮೂರೂ ಒಂದೇ ಪದದಲ್ಲಿ ಬಂದು ಸೇರುವುದು ಬರಿಯ ಆಕಸ್ಮಿಕವೇ? ಒಬ್ಬ ಹೆಣ್ಣಿನ ಬಾಳಿನಲ್ಲಿ ಈ ಮೂರು ಮನೆಗಳ ನಡುವಣ ದೂರವೆಷ್ಟು? ಉತ್ತರವು ಸಿಕ್ಕಮೇಲೂ ಉಳಿಯುವ ಈ ಪ್ರಶ್ನೆಯನ್ನು ಅಂತಹ ಪರೀಕ್ಷೆಗಳು ಅಳೆಯಲಾರವು.

1964ರಲ್ಲಿ ಆರ್ಥರ್ ಕೋಸ್ಲರ್ ತನ್ನ ಬೃಹದ್ಗ್ರಂಥದಲ್ಲಿ ಹಾಸ್ಯ, ವೈಜ್ಞಾನಿಕ ಶೋಧ ಹಾಗೂ ಕಲೆ ಈ ಮೂರಕ್ಕೂ ಮೂಲದಲ್ಲಿ ಒಂದೇ ಮನೋವ್ಯಾಪಾರವಿದೆಯೆಂದು ವಾದಿಸಿದನು. ಬೇರೆ ಬೇರೆ ನಿಯಮಗಳಿಂದ ನಡೆಯುವ ಎರಡು ಆಲೋಚನಾವಲಯಗಳು ಒಂದು ಬಿಂದುವಿನಲ್ಲಿ ಸಂಧಿಸುವುದೇ ಆ ವ್ಯಾಪಾರ. ಸಂಧಿಯು ಡಿಕ್ಕಿಯಾದರೆ ನಗೆ, ಬೆಸುಗೆಯಾದರೆ ಶೋಧ, ಎದುರುಬದುರಾಗಿ ನಿಂತರೆ ಕಲೆ. ದ್ರಾಕ್ಷಿಯನ್ನು ಹಿಂಡುವ ಒತ್ತುಯಂತ್ರವನ್ನು ಕಂಡ ಗುಟೆನ್‌ಬರ್ಗ್ ಮುದ್ರಣಯಂತ್ರವನ್ನು ಕಲ್ಪಿಸಿಕೊಂಡದ್ದು ಅವನು ಕೊಡುವ ನಿದರ್ಶನಗಳಲ್ಲೊಂದು. ಮುಂದೆ ಮಾರ್ಗರೆಟ್ ಬೋಡನ್ ಸೃಜನಶೀಲತೆಯನ್ನು ಸಂಯೋಗಾತ್ಮಕ, ಅನ್ವೇಷಣಾತ್ಮಕ, ಪರಿವರ್ತನಾತ್ಮಕ ಎಂದು ಮೂರಾಗಿ ವಿಂಗಡಿಸಿದಳು. ಸಂಯೋಗವೇ ಸೃಜನಶೀಲತೆಯ ಸರ್ವಸ್ವವಲ್ಲ, ಅದೊಂದು ಬಗೆ ಮಾತ್ರ ಎಂಬ ವಿವೇಕ ಈ ವಿಂಗಡಣೆಯಿಂದ ದೊರೆಯುತ್ತದೆ.

ಅಧ್ಯಾಪನದ ದೃಷ್ಟಿಯಿಂದ ಹೆಚ್ಚು ಗಮನಾರ್ಹನಾದವನು ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ. ಶಾಲಾ ಶಿಕ್ಷಕನಾಗಿಯೂ ದುಡಿದಿದ್ದ ಈತನು 1973ರಲ್ಲಿ ಪ್ರಕಟಿಸಿದ ‘ಕಲ್ಪನೆಯ ವ್ಯಾಕರಣ’ ಎಂಬ ಕೃತಿಯಲ್ಲಿ, ಕಥೆ ಹುಟ್ಟಲು ಒಂದು ಪದ ಸಾಲದು, ಎರಡು ಪದಗಳು ಬೇಕು ಎನ್ನುತ್ತಾನೆ. ಅವುಗಳ ನಡುವೆ ಸಾಕಷ್ಟು ದೂರವೂ ಇರಬೇಕು. ‘ಕುದುರೆ’ ಮತ್ತು ‘ನಾಯಿ’ ಒಂದೇ ವರ್ಗಕ್ಕೆ ಸೇರಿದವಾದ್ದರಿಂದ ಕಲ್ಪನೆ ಕೆರಳದು. ‘ನಾಯಿ’ ಮತ್ತು ‘ಕಪಾಟು’ ಎಂದಾಗ ಮನಸ್ಸು ಎಚ್ಚರಗೊಳ್ಳುತ್ತದೆ. ಅವೆರಡನ್ನು ಸೇರಿಸಲು ರೊದಾರಿ ಬಳಸುವ ಸಾಧನವೆಂದರೆ ತನ್ನ ಭಾಷೆಯ ಸಂಬಂಧಸೂಚಕ ಅವ್ಯಯಗಳು. ಈ ವಿಚಾರಕ್ಕೆ ಮುಂದೆ ಮರಳಲಾಗುವುದು.

2. ಪ್ರತಿಭೆ ಮತ್ತು ಅಭ್ಯಾಸ

ಭಾರತೀಯ ಕಾವ್ಯಮೀಮಾಂಸೆಯು ಪ್ರತಿಭೆಯನ್ನು ದೈವದತ್ತವೆಂದು ಬಗೆದು ಸುಮ್ಮನಾಯಿತು ಎಂಬ ತಿಳಿವಳಿಕೆ ಸರಿಯಲ್ಲ. ದಂಡಿಯು ಸಹಜ ಪ್ರತಿಭೆ, ನಿರ್ಮಲವಾದ ಬಹುಶ್ರುತತೆ, ಕುಂದದ ಅಭಿಯೋಗ ಈ ಮೂರನ್ನೂ ಕಾವ್ಯಕ್ಕೆ ಕಾರಣವೆಂದು ಹೇಳಿ, ಪೂರ್ವಸಂಸ್ಕಾರದಿಂದ ಬರುವ ಪ್ರತಿಭೆ ಇಲ್ಲದವನಿಗೂ ಓದಿನಿಂದ ಮತ್ತು ಯತ್ನದಿಂದ ವಾಗ್ದೇವಿ ಒಂದಿಷ್ಟು ಅನುಗ್ರಹ ತೋರುವಳೆಂದು ಭರವಸೆ ಕೊಡುತ್ತಾನೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನೂ ಕೂಡಿಸಿ ಒಂದೇ ಹೇತುವೆನ್ನುತ್ತಾನೆ. ರಾಜಶೇಖರನು ಕಾರಯಿತ್ರೀ ಪ್ರತಿಭೆಯಲ್ಲಿ ಸಹಜ, ಆಹಾರ್ಯ, ಔಪದೇಶಿಕ ಎಂಬ ಮೂರು ಭೇದಗಳನ್ನು ಗುರುತಿಸುವಾಗ, ಅಭ್ಯಾಸದಿಂದ ಬರುವ ಪ್ರತಿಭೆಗೂ ಉಪದೇಶದಿಂದ ಬರುವ ಪ್ರತಿಭೆಗೂ ಸ್ಥಾನ ಕಲ್ಪಿಸುತ್ತಾನೆ.

ಈ ದಿಸೆಯಲ್ಲಿ ತೀರ ವ್ಯಾವಹಾರಿಕವಾಗಿ ಬರೆದವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಅವನ ‘ಕವಿಕಂಠಾಭರಣ’ವನ್ನು ಕವಿಶಿಕ್ಷೆಯ ಕೈಪಿಡಿಯೆಂದೇ ಕರೆಯಬಹುದು. ಅರ್ಥದ ಗೊಡವೆಯಿಲ್ಲದೆ ಪದಗಳನ್ನು ಛಂದಸ್ಸಿಗೆ ಹೊಂದಿಸಿ ನೋಡುವುದು, ವೃತ್ತವನ್ನು ತುಂಬುವುದು, ಸಮಸ್ಯೆಯನ್ನು ಪೂರಣ ಮಾಡುವುದು ಮೊದಲಾದ ಅಭ್ಯಾಸಗಳನ್ನು ಅವನು ವಿಧಿಸಿದ್ದಾನೆ. ವಾತ್ಸ್ಯಾಯನನು ಹೇಳುವ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿಯೂ ಪ್ರಹೇಲಿಕೆ ಮತ್ತು ಕಾವ್ಯಸಮಸ್ಯಾಪೂರಣಗಳು ಸೇರಿವೆ. ಅಂದರೆ ಹೊಂದದ್ದನ್ನು ಹೊಂದಿಸುವ ಕೆಲಸವು ನಾಗರಿಕನೊಬ್ಬನ ಶಿಕ್ಷಣದ ಭಾಗವೆಂದೇ ಗಣಿತವಾಗಿತ್ತು.

ಅಲಂಕಾರಶಾಸ್ತ್ರವನ್ನೂ ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದು. ಉಪಮೆ, ರೂಪಕ, ಉತ್ಪ್ರೇಕ್ಷೆಗಳು ದೂರದ ಎರಡನ್ನು ಬೇರೆ ಬೇರೆ ಬಿಗಿಯಲ್ಲಿ ಕಟ್ಟುತ್ತವೆ. ವಿಷಮಾಲಂಕಾರವು ಒಂದಕ್ಕೊಂದು ಸಲ್ಲದವುಗಳ ಒಡನಾಟವನ್ನೇ ಚಮತ್ಕಾರದ ನೆಲೆಯಾಗಿಸುತ್ತದೆ. ಅಸಂಗತಿಯಲ್ಲಿ ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ. ದಂಡಿಯ ಅಭೂತೋಪಮೆಯು ಲೋಕದಲ್ಲಿ ಇರದ ವಸ್ತುವನ್ನೇ ಉಪಮಾನವಾಗಿ ಸೃಷ್ಟಿಸುತ್ತದೆ. ಪರೀಕ್ಷೆಗಾಗಿ ಲಕ್ಷಣ, ಲಕ್ಷ್ಯ, ಸಮನ್ವಯ ಎಂದು ಬಾಯಿಪಾಠ ಮಾಡಿಸುವ ಈ ಅಲಂಕಾರಗಳು ಮೂಲತಃ ಅಸಂಬದ್ಧ ವಸ್ತುಗಳ ನಡುವೆ ಸಾಧ್ಯವಿರುವ ಸಂಬಂಧಗಳ ಒಂದು ಪಟ್ಟಿ. ಅವನ್ನು ಗುರುತಿಸಲು ಮಾತ್ರ ಕಲಿಸಿ ಬಳಸಲು ಕಲಿಸದೆ ಇರುವುದು ನಮ್ಮ ಬೋಧನೆಯ ದೊಡ್ಡ ಕೊರತೆ.

3. ಒಗಟು: ಅಸಾಧ್ಯದ ತರ್ಕ

ನಿಜಸಂಗತಿಯನ್ನು ಅಸಾಧ್ಯವಾದ ಪದಸಂಯೋಜನೆಯಲ್ಲಿ ಹೇಳುವುದೇ ಒಗಟಿನ ಸ್ವಭಾವ ಎಂಬ ಅಭಿಪ್ರಾಯ ಅರಿಸ್ಟಾಟಲನ ಕಾವ್ಯಮೀಮಾಂಸೆಯಲ್ಲಿದೆ. ಒಳ್ಳೆಯ ಒಗಟುಗಳಿಂದ ಒಳ್ಳೆಯ ರೂಪಕಗಳನ್ನು ಪಡೆಯಬಹುದೆಂದೂ ಅವನು ಬೇರೆಡೆ ಹೇಳಿದ್ದಾನೆ. ಜಾರ್ಜಸ್ ಮತ್ತು ಡಂಡಿಸ್ ಎಂಬ ಜಾನಪದ ವಿದ್ವಾಂಸರು 1963ರಲ್ಲಿ ಒಗಟಿನ ರಚನೆಯನ್ನು ವಿಶ್ಲೇಷಿಸಿ, ವಿರೋಧವುಳ್ಳವು ಮತ್ತು ವಿರೋಧವಿಲ್ಲದವು ಎಂದು ಎರಡು ವರ್ಗ ಮಾಡಿದರು. ಕನ್ನಡದ ಒಗಟುಗಳಲ್ಲಿ ಎರಡೂ ಬಗೆಗಳು ಹೇರಳವಾಗಿವೆ. ಮೊಟ್ಟೆಯನ್ನು ಬಾಗಿಲಿಲ್ಲದ ಮನೆಯಾಗಿ ಕಾಣುವಲ್ಲಿ ವಿರೋಧವಿದೆ. ಬಾಗಿಲಿಲ್ಲದಿದ್ದರೆ ಅದು ಮನೆ ಹೇಗಾದೀತು? ಆದರೂ ಒಳಗೆ ವಾಸಿಸುವ ಜೀವವಿರುವುದರಿಂದ ಅದು ಮನೆಯೇ.

ಒಗಟನ್ನು ಒಡೆಯುವವನ ಮನಸ್ಸಿನಲ್ಲಿ ನಡೆಯುವ ವ್ಯಾಪಾರ ಒಂದು, ಕಟ್ಟುವವನ ವ್ಯಾಪಾರ ಇನ್ನೊಂದು. ಒಡೆಯುವವನು ಎರಡು ಮುಚ್ಚಿದ ವಸ್ತುಗಳ ನಡುವೆ ಸೇತುವೆಯನ್ನು ಹುಡುಕುತ್ತಾನೆ. ಕಟ್ಟುವವನು ತನಗೆ ಅತಿ ಪರಿಚಿತವಾದ ಒಂದು ವಸ್ತುವನ್ನು ಅಪರಿಚಿತವಾಗಿಸಬೇಕು. ಅದಕ್ಕಾಗಿ ಆ ವಸ್ತುವಿನ ಒಂದೊಂದು ಗುಣವನ್ನೂ ಬಿಡಿಸಿ ನೋಡಿ, ಅದೇ ಗುಣವಿರುವ ಬೇರೊಂದು ಲೋಕವನ್ನು ಅರಸಬೇಕು. ನಮ್ಮ ಜಾನಪದ ಪಠ್ಯಗಳಲ್ಲಿ ಒಗಟುಗಳ ಸಂಗ್ರಹ ಮತ್ತು ವರ್ಗೀಕರಣಗಳಿಗೆ ಸಿಕ್ಕಿರುವ ಸ್ಥಾನವು ಒಗಟನ್ನು ಕಟ್ಟುವ ಅಭ್ಯಾಸಕ್ಕೆ ಸಿಕ್ಕಿಲ್ಲ.

ಬೆಡಗಿನ ವಚನಗಳು ಇದೇ ತರ್ಕವನ್ನು ಅನುಭಾವದ ನೆಲೆಗೆ ಒಯ್ಯುತ್ತವೆ. ಅಲ್ಲಮನ ಬೆಡಗಿನಲ್ಲಿ ಲೋಕಾನುಭವಕ್ಕೆ ವಿರುದ್ಧವಾದ ಚಿತ್ರಗಳು ಒಂದರ ಮೇಲೊಂದು ಬರುತ್ತವೆ. ನಂತರದ ಟೀಕಾಕಾರರು ಪ್ರತಿಯೊಂದು ಚಿತ್ರಕ್ಕೂ ಷಟ್‌ಸ್ಥಲದ ಪರಿಭಾಷೆಯಲ್ಲಿ ಸಮಾನಾರ್ಥವನ್ನು ಕೊಟ್ಟು ಒಗಟನ್ನು ಒಡೆದಿದ್ದಾರೆ. ಆದರೆ ಟೀಕೆಯನ್ನು ಓದಿ ಮುಗಿಸಿದ ಮೇಲೆಯೂ ವಚನ ನಮ್ಮನ್ನು ಕಾಡುತ್ತಲೇ ಇರುತ್ತದೆ. ಒಗಟು ಉತ್ತರದಲ್ಲಿ ಮುಗಿಯುತ್ತದೆ, ಬೆಡಗು ಉತ್ತರದಾಚೆಗೂ ಉಳಿಯುತ್ತದೆ. ಅಸಂಬದ್ಧಗಳ ಸಂಯೋಗದಲ್ಲಿ ಮೇಲು ಕೀಳುಗಳನ್ನು ಗುರುತಿಸಲು ಈ ವ್ಯತ್ಯಾಸವೇ ಒಂದು ಅಳತೆಗೋಲಾಗಬಲ್ಲುದು.

4. ದತ್ತಪದಿಯ ಕ್ರಮ

ಅಷ್ಟಾವಧಾನದಲ್ಲಿ ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ, ಸಂಖ್ಯಾಬಂಧ, ಅಪ್ರಸ್ತುತ ಪ್ರಸಂಗ ಎಂಬ ಅಂಗಗಳು ಸಾಮಾನ್ಯವಾಗಿ ಇರುತ್ತವೆ. ಆಂಧ್ರದಲ್ಲಿ ತಿರುಪತಿ ವೆಂಕಟ ಕವಿಗಳಿಂದ ಪ್ರಸಿದ್ಧಿಗೆ ಬಂದ ಈ ಕಲೆಯು ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶ್ ಅವರ ಮೂಲಕ ಹೊಸ ಜೀವ ಪಡೆದು, ಅವರ ಸಂಶೋಧನೆಯ ಮೂಲಕ ಶಾಸ್ತ್ರೀಯ ಅಧ್ಯಯನದ ವಿಷಯವೂ ಆಯಿತು. ಅವಧಾನವನ್ನು ಧಾರಣಶಕ್ತಿಯ ಪ್ರದರ್ಶನವೆಂದು ಮಾತ್ರ ನೋಡುವವರು ಅದರ ಒಂದೊಂದು ಅಂಗವೂ ಒಂದೊಂದು ಬಗೆಯ ನಿರ್ಬಂಧದ ಮೂಲಕ ಕಲ್ಪನೆಯನ್ನು ಕೆರಳಿಸುವ ಪರಿಯನ್ನು ಗಮನಿಸುವುದಿಲ್ಲ.

ದತ್ತಪದಿಯಲ್ಲಿ ಪೃಚ್ಛಕನು ನಾಲ್ಕು ಪದಗಳನ್ನು ಕೊಡುತ್ತಾನೆ. ಅವಕ್ಕೆ ಸಂಬಂಧವೇ ಇಲ್ಲದ ಒಂದು ವಸ್ತುವನ್ನೂ ಕೊಡುತ್ತಾನೆ. ಅವಧಾನಿಯು ಪದ್ಯದ ಒಂದೊಂದು ಪಾದದಲ್ಲಿ ಒಂದೊಂದು ಪದ ಬರುವಂತೆ ಆ ವಸ್ತುವನ್ನು ವರ್ಣಿಸಬೇಕು. ಇದರ ಕ್ರಮವನ್ನು ತಿಳಿಯಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಕಾರು, ಲಾರಿ, ವ್ಯಾನು, ಆಟೋ ಇವು ದತ್ತಪದಗಳು. ಗೋವರ್ಧನೋದ್ಧಾರ ವಸ್ತು ಎಂದಿಟ್ಟುಕೊಳ್ಳೋಣ. ರಸ್ತೆಯ ವಾಹನಗಳಿಗೂ ವ್ರಜದ ಬೆಟ್ಟಕ್ಕೂ ಏನು ನಂಟು? ಪದಗಳನ್ನು ವಾಹನಗಳೆಂದು ಭಾವಿಸಿದಷ್ಟು ಕಾಲವೂ ದಾರಿ ಕಾಣದು. ಅವನ್ನು ಅಕ್ಷರಸರಣಿಗಳೆಂದು ಕಂಡ ಕೂಡಲೆ ದಾರಿ ತೆರೆಯುತ್ತದೆ. ‘ಕಾರುಣ್ಯ’ದಲ್ಲಿ ಕಾರು ಇದೆ. ‘ಬಲಾರಿ’ ಎಂಬ ಇಂದ್ರನ ಹೆಸರಿನಲ್ಲಿ ಲಾರಿ ಇದೆ. ದಿವ್ಯ ಮತ್ತು ಅನುಗ್ರಹ ಸೇರಿ ‘ದಿವ್ಯಾನುಗ್ರಹ’ವಾದಾಗ ಸವರ್ಣದೀರ್ಘ ಸಂಧಿಯೇ ವ್ಯಾನನ್ನು ತಂದು ನಿಲ್ಲಿಸುತ್ತದೆ. ‘ಆಟೋಪ’ದಲ್ಲಿ ಆಟೋ ಇದೆ. ಬಲಾರಿಯ ಆಟೋಪ ಮುರಿಯಿತು, ಗೋವಳರ ಮೇಲಣ ಕಾರುಣ್ಯದಿಂದ ಕೃಷ್ಣನ ದಿವ್ಯಾನುಗ್ರಹ ಬೆಟ್ಟವಾಗಿ ಮೇಲೆದ್ದಿತು ಎಂಬಲ್ಲಿಗೆ ಪದ್ಯದ ಅರ್ಥಶರೀರ ಸಿದ್ಧವಾಯಿತು.

ಇಲ್ಲಿ ಮೂರು ಹಂತಗಳನ್ನು ಗಮನಿಸಬಹುದು. ಮೊದಲನೆಯದು ವಿಘಟನೆ. ಪದವನ್ನು ಅದರ ರೂಢಾರ್ಥದಿಂದ ಬಿಡಿಸುವುದು. ಎರಡನೆಯದು ಸಾಧ್ಯತೆಗಳ ಸಂಗ್ರಹ. ಆ ಅಕ್ಷರಸರಣಿ ಎಲ್ಲೆಲ್ಲಿ ಅಡಗಿದೆಯೆಂದು ಭಾಷೆಯ ಕಣಜವನ್ನೆಲ್ಲ ಹುಡುಕುವುದು. ಮೂರನೆಯದು ವಸ್ತುವಿಗೆ ತಕ್ಕ ಆಯ್ಕೆ. ‘ಲಾರಿ’ಯನ್ನು ‘ಅಳಲು’ ಮತ್ತು ‘ಆರಿ’ ಸೇರಿದ ‘ಅಳಲಾರಿ’ ಎಂಬ ಅಚ್ಚಗನ್ನಡ ಲೋಪಸಂಧಿಯಲ್ಲಿಯೂ ಅಡಗಿಸಬಹುದಿತ್ತು. ವಸ್ತುವು ಊರ್ಮಿಳೆಯ ವಿರಹಾಂತ್ಯವಾಗಿದ್ದರೆ ಅದೇ ತಕ್ಕುದು, ಇಂದ್ರನ ಪ್ರಸಕ್ತಿಯಿರುವಲ್ಲಿ ಬಲಾರಿಯೇ ತಕ್ಕುದು. ಪ್ವಾಂಕರೆ ಹೇಳಿದ ಆಯ್ಕೆಯ ವಿವೇಕ ಇದೇ. ಎರಡನೆಯ ಹಂತಕ್ಕೆ ಬೇಕಾದುದು ವ್ಯುತ್ಪತ್ತಿ. ಬಲಾರಿ ಎಂಬ ಪದವನ್ನೇ ತಿಳಿಯದವನಿಗೆ ಯಾವ ತಂತ್ರವೂ ಅದನ್ನು ಒದಗಿಸದು. ತಂತ್ರವು ಇದ್ದ ಸಂಪತ್ತನ್ನು ಚಲಾವಣೆಗೆ ತರುತ್ತದೆ, ಇಲ್ಲದ ಸಂಪತ್ತನ್ನು ಸೃಷ್ಟಿಸುವುದಿಲ್ಲ. ಓದಿನ ಹಂಗಿಲ್ಲದೆ ಸೃಜನಶೀಲತೆಯನ್ನು ಬೆಳೆಸುವೆವೆನ್ನುವ ತರಬೇತಿಗಳ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ.

ಸಮಸ್ಯಾಪೂರಣದಲ್ಲಿ ಕೆಲಸ ತುಸು ಬೇರೆ. ಅಲ್ಲಿ ಅಸಂಬದ್ಧವಾದ ಮಾತೇ ಕೊನೆಯ ಪಾದವಾಗಿ ನಿಂತಿರುತ್ತದೆ. ಅದು ಸುಸಂಬದ್ಧವಾಗುವಂತಹ ಸನ್ನಿವೇಶವನ್ನು ಹಿಂದಿನ ಪಾದಗಳಲ್ಲಿ ಕಟ್ಟಬೇಕು. ಅರ್ಥವಿಲ್ಲದ ಶಬ್ದಗಳ ಸಾಲೊಂದನ್ನು ಭೋಜನು ಕೊಟ್ಟಾಗ, ತರುಣಿಯೊಬ್ಬಳ ಕೈಯಿಂದ ಜಾರಿದ ಹೊನ್ನ ಕೊಡ ಮೆಟ್ಟಿಲುಗಳ ಮೇಲೆ ಉರುಳುವ ಸದ್ದನ್ನಾಗಿ ಕಾಳಿದಾಸನು ಅದನ್ನು ಮಾರ್ಪಡಿಸಿದನೆಂಬ ದಂತಕಥೆ ಪ್ರಸಿದ್ಧವಾಗಿದೆ. ಐತಿಹ್ಯದ ಸತ್ಯಾಸತ್ಯತೆ ಹೇಗೂ ಇರಲಿ, ಅದು ಕಲಿಸುವ ಪಾಠ ದೊಡ್ಡದು. ಯಾವ ಮಾತೂ ತನ್ನಷ್ಟಕ್ಕೆ ಅಸಂಬದ್ಧವಲ್ಲ. ಅದಕ್ಕೆ ತಕ್ಕ ಸಂದರ್ಭ ಇನ್ನೂ ಸಿಕ್ಕಿರುವುದಿಲ್ಲ, ಅಷ್ಟೆ.

5. ಬೆರಕೆ ಮತ್ತು ಬೆಸುಗೆ

ಆದರೆ ಯಾವುದನ್ನು ಯಾವುದಕ್ಕೆ ಸೇರಿಸಿದರೂ ಸೃಷ್ಟಿಯಾಗುತ್ತದೆಯೇ? ಕನ್ನಡ ಪರಂಪರೆಯು ಈ ವಿಷಯದಲ್ಲಿ ಎಚ್ಚರದಿಂದಿದೆ. ಹನ್ನೆರಡನೆಯ ಶತಮಾನದ ಆದಿಭಾಗದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ಸಲ್ಲದಂತೆ ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಆಕ್ಷೇಪಿಸಿದ್ದಾನೆ. ಕೇಶಿರಾಜನು ಅರಿಸಮಾಸವನ್ನು ದೋಷವೆಂದರೂ ಬಿರುದಾವಳಿಗಳಂತಹ ಕಡೆ ಅದಕ್ಕೆ ಅವಕಾಶ ಮಾಡಿಕೊಟ್ಟಿದ್ದಾನೆ. ನಿಷೇಧವೂ ಇದೆ, ವಿನಾಯಿತಿಯೂ ಇದೆ. ಎರಡಕ್ಕೂ ಆಧಾರ ಪ್ರಯೋಗದ ಔಚಿತ್ಯ. ತುಪ್ಪ ಎಣ್ಣೆಗಳ ಹೋಲಿಕೆ ಸೂಕ್ಷ್ಮವಾದುದು. ಅವೆರಡೂ ಬೆರೆತುಹೋಗುತ್ತವೆ, ಆದರೆ ಬೆರೆತಮೇಲೆ ತುಪ್ಪದ ಸ್ವಾದವೂ ಉಳಿಯದು, ಹೊಸದೇನೂ ಹುಟ್ಟದು. ಇದು ಬೆರಕೆ. ಎರಡು ಅಂಶಗಳೂ ತಮ್ಮ ತಮ್ಮ ಬಿಗುವನ್ನು ಉಳಿಸಿಕೊಂಡು ಮೂರನೆಯದೊಂದನ್ನು ಹುಟ್ಟಿಸಿದರೆ ಅದನ್ನು ಬೆಸುಗೆ ಎನ್ನಬಹುದು.

ಬೆಸುಗೆಗೆ ಹೊಸಗನ್ನಡದಲ್ಲಿ ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929) ನಾಟಕ ಉತ್ತಮ ನಿದರ್ಶನ. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಏಜಾಕ್ಸ್’ ಕೃತಿಯ ಚೌಕಟ್ಟಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ಅವರು ನಿಲ್ಲಿಸಿದರು. ಹೊಂದುವ ಅಂಶಗಳು ಸ್ಪಷ್ಟವಾಗಿವೆ: ಇಬ್ಬರೂ ಅವಮಾನದಿಂದ ಕೆರಳಿದ ವೀರರು, ಇಬ್ಬರ ಕ್ರೋಧವೂ ರಾತ್ರಿಯ ಕೊಲೆಯಾಗಿ ಹೊರಬೀಳುತ್ತದೆ, ಇಬ್ಬರೂ ಕೊಂದದ್ದು ತಾವು ಕೊಲ್ಲಬೇಕೆಂದುಕೊಂಡವರನ್ನಲ್ಲ. ಹೊಂದದ ಅಂಶವೂ ಅಷ್ಟೇ ಸ್ಪಷ್ಟ: ಏಜಾಕ್ಸ್ ತನ್ನ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ, ಅಶ್ವತ್ಥಾಮನಾದರೋ ಚಿರಂಜೀವಿ. ಶ್ರೀಯವರು ಈ ಬಿರುಕನ್ನು ಮರೆಮಾಚದೆ ಚಿರಂಜೀವಿಗೇ ಸಾವನ್ನು ಕೊಟ್ಟರು. ಪರಂಪರೆಗೆ ವಿರುದ್ಧವಾದ ಈ ಹೆಜ್ಜೆಯಿಂದಲೇ ಸಾವೆಂಬುದು ಶಿಕ್ಷೆಯೋ ಬಿಡುಗಡೆಯೋ ಎಂಬ ಪ್ರಶ್ನೆ ಕನ್ನಡದಲ್ಲಿ ಹೊಸದಾಗಿ ಏಳುವಂತಾಯಿತು. ಸಂಯೋಗದ ಫಲವು ಹೊಂದುವ ಕಡೆಗಿಂತ ಹೊಂದದ ಕಡೆಯಲ್ಲಿಯೇ ಹೆಚ್ಚಾಗಿ ದೊರೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

6. ವಿಭಕ್ತಿಗಳ ಮೂಲಕ ಒಂದು ಅಭ್ಯಾಸ

ಇನ್ನು ತರಗತಿಯ ವಿಚಾರ. ರೊದಾರಿಯು ಇಟಾಲಿಯನ್ ಅವ್ಯಯಗಳಿಂದ ಮಾಡಿದ ಕೆಲಸವನ್ನು ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳು ಇನ್ನೂ ಅಚ್ಚುಕಟ್ಟಾಗಿ ಮಾಡಬಲ್ಲವು. ಎರಡು ನಾಮಪದಗಳನ್ನು ತೆಗೆದುಕೊಂಡು ಒಂದನ್ನು ಎಲ್ಲ ವಿಭಕ್ತಿಗಳಲ್ಲಿಯೂ ಇನ್ನೊಂದರ ಜೊತೆ ನಡೆಸುವುದೇ ಈ ಅಭ್ಯಾಸ. ‘ಬೀಸುಕಲ್ಲು’ ಮತ್ತು ‘ಅಂಚೆಪೆಟ್ಟಿಗೆ’ ಎಂಬ ಜೋಡಿಯನ್ನು ಗಮನಿಸಿ. ಒಂದು ಮನೆಯೊಳಗಿನದು, ಇನ್ನೊಂದು ಬೀದಿಯದು. ಒಂದು ಕಲ್ಲು, ಇನ್ನೊಂದು ತಗಡು. ಒಂದು ತಿರುಗುತ್ತದೆ, ಇನ್ನೊಂದು ನಿಂತೇ ಇರುತ್ತದೆ.

ಪ್ರಥಮಾ: ಬೀಸುಕಲ್ಲೇ ಅಂಚೆಪೆಟ್ಟಿಗೆ. ದ್ವಿತೀಯಾ: ಬೀಸುಕಲ್ಲನ್ನು ಹೊತ್ತ ಅಂಚೆಯಾಳು. ತೃತೀಯಾ: ಬೀಸುಕಲ್ಲಿನಿಂದ ಬರೆದ ಓಲೆ. ಚತುರ್ಥೀ: ಬೀಸುಕಲ್ಲಿಗೆ ಬಂದ ಪತ್ರ. ಪಂಚಮೀ: ಬೀಸುಕಲ್ಲಿನ ದೆಸೆಯಿಂದ ನಿಂತುಹೋದ ಅಂಚೆ. ಷಷ್ಠೀ: ಬೀಸುಕಲ್ಲಿನ ವಿಳಾಸ. ಸಪ್ತಮೀ: ಬೀಸುಕಲ್ಲಿನಲ್ಲಿ ಹಾಕಿದ ಪತ್ರ. ಇವುಗಳಲ್ಲಿ ಕೆಲವು ನಗೆ ತರಿಸಿ ಅಲ್ಲಿಗೇ ನಿಲ್ಲುತ್ತವೆ. ಕೆಲವು ಕಥೆಯಾಗಬಲ್ಲವು: ಮಿಕ್ಸಿ ಬಂದಮೇಲೆ ಹಿತ್ತಿಲು ಸೇರಿದ ಬೀಸುಕಲ್ಲಿಗೆ ದೂರದ ಊರಿನಿಂದ ಬಂದ ಪತ್ರದಲ್ಲಿ ಏನಿದ್ದೀತು? ಎಲ್ಲ ಸಾಲುಗಳನ್ನೂ ಬೆಳೆಸಬೇಕಾಗಿಲ್ಲ. ವಿದ್ಯಾರ್ಥಿಯು ಒಂದನ್ನು ಆರಿಸಿ, ಉಳಿದವನ್ನು ಏಕೆ ಬಿಟ್ಟೆನೆಂದು ಎರಡು ವಾಕ್ಯಗಳಲ್ಲಿ ಹೇಳಬೇಕು. ಈ ಕಾರಣ ಕೊಡುವ ಹಂತವೇ ಅಭ್ಯಾಸದ ಜೀವ. ಅದಿಲ್ಲದಿದ್ದರೆ ಇದು ಮೋಜಿನ ಆಟವಾಗಿಯೇ ಉಳಿದೀತು.

ಮೊದಲನೆಯ ಸಾಲು, ಬೀಸುಕಲ್ಲೇ ಅಂಚೆಪೆಟ್ಟಿಗೆ ಎಂಬ ರೂಪಕ, ಇನ್ನೂ ದೂರ ಒಯ್ಯುತ್ತದೆ. ನಸುಕಿನಲ್ಲಿ ಬೀಸುತ್ತ ಹಾಡಿದ ತ್ರಿಪದಿಗಳಲ್ಲಿ ತವರು, ಹಡೆದವ್ವ, ಅಣ್ಣ ತಮ್ಮಂದಿರನ್ನು ಕುರಿತ ಹಾಡುಗಳು ಬಹಳ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಸಂಕಲನವನ್ನು ಓದಿದವರಿಗೆ ಇದು ಪರಿಚಿತ. ಓದು ಬರಹ ಬಾರದ, ತವರಿಗೆ ಓಲೆ ಬರೆಯಲಾಗದ ಹೆಣ್ಣಿಗೆ ಬೀಸುಕಲ್ಲು ಅಂಚೆಪೆಟ್ಟಿಗೆಯೇ ಆಗಿತ್ತಲ್ಲವೇ? ಹೀಗೆ ಕೇಳಿದ ಕೂಡಲೆ ಪತ್ರಕ್ಕೆ ಸಂಬಂಧಿಸಿದ ಪ್ರಶ್ನೆಗಳೆಲ್ಲ ಹಾಡಿಗೂ ಅನ್ವಯಿಸತೊಡಗುತ್ತವೆ. ವಿಳಾಸದಾರರು ಯಾರು? ಸಂದೇಶವನ್ನು ಒಯ್ಯುವವರು ಯಾರು? ಉತ್ತರ ಬರುತ್ತದೆಯೇ? ಅದಕ್ಕಿಂತ ಮುಖ್ಯವಾಗಿ, ಹೋಲಿಕೆ ಎಲ್ಲಿ ಮುರಿಯುತ್ತದೆ? ಪತ್ರವನ್ನು ಮುಚ್ಚಿ ಕಳುಹಿಸಬಹುದು, ಹಾಡನ್ನು ಮುಚ್ಚಲಾಗದು. ತವರಿಗೆ ಉದ್ದೇಶಿಸಿದ ಮಾತು ಮೊದಲು ಬೀಳುವುದು ಅತ್ತೆಮನೆಯವರ ಕಿವಿಗೆ. ಹಾಗಾದರೆ ಈ ತ್ರಿಪದಿಗಳು ಯಾರಿಗಾಗಿ ಹಾಡಿದವು, ಯಾರಿಗೆ ಕೇಳಿಸಲೆಂದು ಹಾಡಿದವು? ಉದ್ದೇಶಿತ ಕೇಳುಗರೂ ನಿಜವಾದ ಕೇಳುಗರೂ ಬೇರೆ ಬೇರೆಯಾದಾಗ ಹಾಡಿನ ಧ್ವನಿ ಹೇಗೆ ಬಾಗುತ್ತದೆ? ಆಟವಾಗಿ ಆರಂಭವಾದ ಜೋಡಿಯು ಜಾನಪದ ಅಧ್ಯಯನದ ಒಂದು ಗಂಭೀರ ಪ್ರಶ್ನೆಯವರೆಗೆ ನಮ್ಮನ್ನು ತಂದು ನಿಲ್ಲಿಸುತ್ತದೆ.

7. ಸಂಶೋಧನೆಯ ಸಂದರ್ಭ

ಈ ಕೊನೆಯ ಅಂಶ ಕನ್ನಡ ಸಂಶೋಧನೆಗೆ ನೇರವಾಗಿ ಸಂಬಂಧಿಸಿದುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾಗುವ ಪ್ರಬಂಧಗಳ ಶೀರ್ಷಿಕೆಗಳನ್ನು ಗಮನಿಸಿದರೆ ಒಬ್ಬ ಲೇಖಕರ ಹೆಸರು, ಒಂದು ಪ್ರಕಾರದ ಹೆಸರು, ಕೊನೆಗೆ ‘ಒಂದು ಅಧ್ಯಯನ’ ಎಂಬ ಮಾತು, ಈ ಅಚ್ಚಿನಲ್ಲಿ ಎರಕವಾದವು ಅನೇಕ. ಲೇಖಕರ ಹೆಸರನ್ನು ಬದಲಾಯಿಸಿದರೂ ಅಧ್ಯಾಯಗಳ ವಿಂಗಡಣೆ ಬದಲಾಗಬೇಕಾಗಿಲ್ಲ. ಇಲ್ಲಿರುವುದು ಶ್ರಮದ ಕೊರತೆಯಲ್ಲ, ಪ್ರಶ್ನೆಯ ಕೊರತೆ. ಒಂದೇ ವಸ್ತುವನ್ನು ಎದುರಿಗಿಟ್ಟುಕೊಂಡಾಗ ವಿವರಣೆ ಹುಟ್ಟುತ್ತದೆ; ಎರಡು ವಸ್ತುಗಳನ್ನು ಇಟ್ಟುಕೊಂಡಾಗ ಪ್ರಶ್ನೆ ಹುಟ್ಟುತ್ತದೆ. ಡಿ.ಆರ್. ನಾಗರಾಜ್ ಅವರು ಅಲ್ಲಮನನ್ನು ಕಾಶ್ಮೀರದ ಶೈವಚಿಂತನೆಯ ಎದುರಿಗಿಟ್ಟು ಓದಿದಾಗ ಇಬ್ಬದಿಯೂ ಹೊಸದಾಗಿ ಕಂಡದ್ದು ಹೀಗೆಯೇ.

ಆದಕಾರಣ ಸಂಶೋಧನಾರ್ಥಿಯು ತನ್ನ ವಿಷಯವನ್ನು ಗೊತ್ತುಪಡಿಸುವ ಮುನ್ನ, ಅದಕ್ಕೆ ದೂರವೆಂದು ತೋರುವ ಐದಾರು ವಸ್ತುಗಳ ಜೊತೆ ಅದನ್ನು ಇರಿಸಿ ನೋಡುವುದು ಉಚಿತ. ಶಾಸನವನ್ನು ಜಾಹೀರಾತಿನ ಜೊತೆ, ಕೀರ್ತನೆಯನ್ನು ಲೆಕ್ಕಪತ್ರದ ಜೊತೆ, ಷಟ್ಪದಿಯನ್ನು ನೆಯ್ಗೆಯ ಜೊತೆ ಇಟ್ಟಾಗ ಹುಟ್ಟುವ ಪ್ರಶ್ನೆಗಳಲ್ಲಿ ಬಹುಪಾಲು ಜೊಳ್ಳಾಗಿರುತ್ತವೆ. ಒಂದೆರಡು ಕಾಳಾದರೂ ಸಾಕು. ಆದರೆ ಜೋಡಿಯು ಪ್ರಶ್ನೆಯನ್ನು ಮಾತ್ರ ಕೊಡುತ್ತದೆ, ಪ್ರಮಾಣವನ್ನು ಕೊಡುವುದಿಲ್ಲ. ಬೀಸುಕಲ್ಲಿನ ಹಾಡುಗಳು ಪತ್ರಗಳಾಗಿದ್ದವು ಎಂಬುದು ಊಹೆ. ಹಾಡಿದವರ ಮಾತು, ಪಾಠಾಂತರಗಳು, ಹಾಡುವ ಸನ್ನಿವೇಶದ ವಿವರಗಳು ಅದನ್ನು ಒಪ್ಪಬೇಕು ಅಥವಾ ಅಲ್ಲಗಳೆಯಬೇಕು. ಸುಂದರವಾದ ಹೋಲಿಕೆಯನ್ನೇ ಸಿದ್ಧಾಂತವೆಂದು ಭ್ರಮಿಸುವುದು ಈ ವಿಧಾನದ ದೊಡ್ಡ ಅಪಾಯ.

ಇನ್ನೊಂದು ಅಪಾಯವನ್ನು ಆನಂದವರ್ಧನನು ಬಹು ಹಿಂದೆಯೇ ಸೂಚಿಸಿದ್ದಾನೆ. ರಸದಲ್ಲಿ ತೊಡಗಿದ ಕವಿಗೆ ಬೇರೆ ಯತ್ನವಿಲ್ಲದೆ ಒದಗುವ ಅಲಂಕಾರವೇ ನಿಜವಾದ ಅಲಂಕಾರ ಎಂಬುದು ಅವನ ನಿಲುವು. ಹಾಗಾದರೆ ಬೇಕೆಂದೇ ಮಾಡುವ ಸಂಯೋಗದ ಅಭ್ಯಾಸಗಳೆಲ್ಲ ಚಿತ್ರಕಾವ್ಯದ ಕೆಳದರ್ಜೆಗೆ ಸೇರಿದವೇ? ಅಭ್ಯಾಸವನ್ನೂ ಕೃತಿಯನ್ನೂ ಪ್ರತ್ಯೇಕಿಸಿದರೆ ಈ ಆಕ್ಷೇಪಕ್ಕೆ ಸಮಾಧಾನ ದೊರೆಯುತ್ತದೆ. ಗಾಯಕನ ಬೆಳಗಿನ ಸಾಧನೆ ಕಚೇರಿಯಲ್ಲ. ಆದರೆ ಕಚೇರಿಯಲ್ಲಿ ಯತ್ನವಿಲ್ಲದೆ ಬರುವ ಸಂಗತಿಗಳ ಹಿಂದೆ ಆ ಸಾಧನೆ ಇದೆ. ದತ್ತಪದಿಯೂ ವಿಭಕ್ತಿಯ ಆಟವೂ ಸಾಧನೆಗಳು. ಅವು ಮನಸ್ಸಿನ ದಾರಿಗಳನ್ನು ಸವೆಸಿ ಹದಗೊಳಿಸುತ್ತವೆ.

8. ಸಮಾರೋಪ

ಇದುವರೆಗಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ದೂರದ ವಸ್ತುಗಳ ಸಂಯೋಗವು ಸೃಜನಶೀಲತೆಯ ಒಂದು ಮುಖ್ಯ ಬಗೆ, ಆದರೆ ಏಕೈಕ ಬಗೆಯಲ್ಲ. ಅದನ್ನು ಅಭ್ಯಾಸದಿಂದ ಬೆಳೆಸಬಹುದೆಂಬ ನಂಬಿಕೆ ಭಾರತೀಯ ಕವಿಶಿಕ್ಷೆಗೂ ಆಧುನಿಕ ಮನಶ್ಶಾಸ್ತ್ರಕ್ಕೂ ಸಮಾನವಾದುದು. ಆ ಅಭ್ಯಾಸಕ್ಕೆ ಬೇಕಾದ ಸಾಧನಗಳು ಒಗಟಿನಲ್ಲಿ, ಅವಧಾನದಲ್ಲಿ, ಅಲಂಕಾರಗಳಲ್ಲಿ, ನಮ್ಮ ವ್ಯಾಕರಣದ ವಿಭಕ್ತಿಗಳಲ್ಲಿಯೇ ಇವೆ. ಸಂಯೋಗದ ಬೆಲೆ ಅದರ ವೈಚಿತ್ರ್ಯದಲ್ಲಿಲ್ಲ. ಅದು ಉಳಿಸುವ ಪ್ರಶ್ನೆಯಲ್ಲಿದೆ.

ಇಂದು ಗಣಕಯಂತ್ರಗಳು ಯಾವ ಎರಡು ಪದಗಳನ್ನು ಕೊಟ್ಟರೂ ಕ್ಷಣಮಾತ್ರದಲ್ಲಿ ಹತ್ತಾರು ಸಂಬಂಧಗಳನ್ನು ಕಲ್ಪಿಸಿಕೊಡುತ್ತಿವೆ. ಜೋಡಿಸುವ ಕೆಲಸ ಸುಲಭವಾದಷ್ಟೂ ಆರಿಸುವ ವಿವೇಕದ ಬೆಲೆ ಹೆಚ್ಚುತ್ತದೆ. ಸೆರೆ, ತವರು, ಅಡುಗೆ ಎಂಬ ಮೂರಕ್ಕೆ ‘ಮನೆ’ ಎಂದು ಉತ್ತರಿಸಲು ಯಂತ್ರವೂ ಸಾಕು. ಆ ಉತ್ತರದ ಮುಂದೆ ತಡೆದು ನಿಂತು ಮತ್ತೊಂದು ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವ ಹೊಣೆ ಮಾತ್ರ ಕನ್ನಡ ತರಗತಿಯದಾಗಿಯೇ ಉಳಿಯುತ್ತದೆ.